ಕಸಬರಿಗೆಯ ಪಾಳಿ ಯಾರದು?

ಯಾವ ಶಾಲೆಗೆ ಹೋದರೂ ಕಸಬರಿಗೆ ಯಾರ ಕೈಯಲ್ಲಿದೆ ಎಂಬುದನ್ನೇ ನಾನು ಮೊದಲು ನೋಡುತ್ತೇನೆ. ಪ್ರಾರ್ಥನೆಗೆ ಮುಂಚಿನ ಹತ್ತು ನಿಮಿಷ ಬಾಗಿಲಲ್ಲಿ ನಿಂತರೆ ಸಾಕು. ಹುಡುಗಿಯರು ಗುಡಿಸುತ್ತಿರುತ್ತಾರೆ, ಹುಡುಗರು ಬೆಂಚು ಎಳೆದಾಡುತ್ತಿರುತ್ತಾರೆ. ಗಂಟೆ ಹೊಡೆಯುವುದು, ಆಫೀಸಿನಿಂದ ಹಾಜರಿ ಪುಸ್ತಕ ತರುವುದು, ಸೀಮೆಸುಣ್ಣದ ಡಬ್ಬಿ ಹಿಡಿಯುವುದು ಇಂಥ ಮಾನದ ಕೆಲಸಗಳೆಲ್ಲ ಶಾಣ್ಯಾ ಅನ್ನಿಸಿಕೊಂಡ ಇಬ್ಬರು ಮೂವರಿಗೆ. ಹಿಂದಿನ ಸಾಲಿನ ಕೆಲವರಿಗೆ ವರ್ಷವಿಡೀ ಒಂದೇ ಕೆಲಸ, ಇಲ್ಲವೇ ಯಾವ ಕೆಲಸವೂ ಇಲ್ಲ. ಇದನ್ನು ಯಾರೂ ಎಲ್ಲಿಯೂ ಬರೆದಿಟ್ಟಿರುವುದಿಲ್ಲ, ಆದರೆ ಮಕ್ಕಳಿಗೆಲ್ಲ ಬಾಯಿಪಾಠ.

ಹಾಗೆ ಬರೆಯದೆ ನಡೆಯುವ ಹಂಚಿಕೆಯನ್ನು ಬರೆದು ನಡೆಯುವ ಹಂಚಿಕೆಯಾಗಿ ಮಾಡುವುದಕ್ಕೇ ತರಗತಿಯ ಕೆಲಸದ ಪಟ್ಟಿ ಬೇಕು. ಅಂದಕ್ಕಾಗಿ ಗೋಡೆಗೆ ತೂಗುಹಾಕುವ ಚಾರ್ಟ್ ಅಲ್ಲ ಇದು. ಸರಿಯಾಗಿ ಮಾಡಿದರೆ ಹೆಚ್ಚು ಖರ್ಚಿಲ್ಲದೆ ಐದಾರು ವರ್ಷ ಬರುತ್ತದೆ.

ನಾನು ಧಾರವಾಡದ ಕಡೆಯವಳು, ಟಿ.ಸಿ.ಎಚ್. ಮಾಡಿದವಳು. ಯಜಮಾನರಿಗೆ ಬೆಂಗಳೂರಿನ ಎಚ್‌.ಎ.ಎಲ್.ನಿಂದ ನಾಸಿಕದ ಓಝರ್‌ಗೆ ವರ್ಗವಾದಾಗ ಜೊತೆಗೆ ಬಂದೆ. 1964ರಲ್ಲಿ ಮಿಗ್ ವಿಮಾನಗಳಿಗಾಗಿ ಶುರುವಾದ ಕಾರ್ಖಾನೆ ಅದು. ಅದರ ಟೌನ್‌ಶಿಪ್‌ನಲ್ಲಿ ಕನ್ನಡದ ಮನೆಗಳಿಗೆ ಕೊರತೆಯಿರಲಿಲ್ಲ. ಮರಾಠಿ ಕಲಿತು ನಾಸಿಕದ ಪ್ರಾಥಮಿಕ ಶಾಲೆಯೊಂದರಲ್ಲಿ ಪಾಠ ಮಾಡಿದೆ. ಈಗ ಮಗನ ಕೆಲಸ ವಾಳೂಜಿನಲ್ಲಿ, ಹೀಗಾಗಿ ನಮ್ಮ ಮನೆ ಅದರ ಹತ್ತಿರದ ಛತ್ರಪತಿ ಸಂಭಾಜಿನಗರದಲ್ಲಿ, ಅಂದರೆ ಮೊದಲಿನ ಔರಂಗಾಬಾದಿನಲ್ಲಿ. ನಿವೃತ್ತಿಯಾದರೂ ಎರಡೂ ಜಿಲ್ಲೆಗಳ ಪರಿಚಯದ ಶಿಕ್ಷಕರು ಕರೆದಾಗ ಹೋಗಿ, ನೆಲದ ಮೇಲೆ ಕೂತು, ಮಕ್ಕಳ ಜೊತೆ ಪಟ್ಟಿ ಕತ್ತರಿಸಿ ಅಂಟಿಸಿ ಬರುತ್ತೇನೆ.

ಈಗಿನ ಶಾಲೆಗಳಲ್ಲಿ ಪಟ್ಟಿಗಳಿಗೇನೂ ಬರವಿಲ್ಲ. ಮಹಾರಾಷ್ಟ್ರದಲ್ಲಿ ‘ಬಾಲ ಮಂತ್ರಿಮಂಡಳ’ ಎಂಬ ಪದ್ಧತಿ ಹಳೆಯದು. ನಮ್ಮ ಕಡೆಯ ಶಾಲಾ ಸಂಸತ್ತಿನ ಹಾಗೆ ಅಲ್ಲಿಯೂ ಸ್ವಚ್ಛತಾ ಮಂತ್ರಿ, ಆರೋಗ್ಯ ಮಂತ್ರಿ, ಕ್ರೀಡಾ ಮಂತ್ರಿ ಇರುತ್ತಾರೆ. 2024ರ ಆರಂಭದಲ್ಲಿ ‘ಮುಖ್ಯಮಂತ್ರಿ ಮಾಝೀ ಶಾಳಾ ಸುಂದರ್ ಶಾಳಾ’ ಅಭಿಯಾನ ಬಂದು ಶಾಲೆಗಳಿಗೆ ಅಂಕ ಕೊಡತೊಡಗಿದ ಮೇಲೆ ಗೋಡೆಗಳು ಇನ್ನಷ್ಟು ತುಂಬಿದವು. ಮಕ್ಕಳಿಗೆ ಜವಾಬ್ದಾರಿ ಕೊಡಬೇಕೆಂಬ ಆಶಯ ಒಳ್ಳೆಯದೇ. ಆದರೆ ಎಷ್ಟೋ ಕಡೆ ಅದು ಫ್ಲೆಕ್ಸ್ ಅಂಗಡಿಗೆ ಹೋಗಿ ಬರುತ್ತದೆ. ಮಂತ್ರಿಗಳ ಹೆಸರು, ಫೋಟೋ ಎಲ್ಲ ಅಚ್ಚಾಗಿ ಬರುತ್ತದೆ. ಒಮ್ಮೆ ಅಚ್ಚಾದ ಹೆಸರನ್ನು ಬದಲಿಸಲು ಆಗುವುದಿಲ್ಲ. ಸ್ವಚ್ಛತಾ ಮಂತ್ರಿ ಮಾರ್ಚ್‌ವರೆಗೂ ಸ್ವಚ್ಛತಾ ಮಂತ್ರಿಯೇ, ಉಳಿದವರು ವರ್ಷವಿಡೀ ಪ್ರಜೆಗಳು. ಮರುವರ್ಷ ಆ ಫ್ಲೆಕ್ಸ್ ಯಾರದೋ ಮೇವಿನ ಬಣವೆಯ ಮೇಲೆ ಹೊದಿಕೆಯಾಗಿರುತ್ತದೆ.

ಅದಕ್ಕೇ ನಾನು ಹಟ ಹಿಡಿಯುವುದು ಒಂದೇ ಮಾತಿಗೆ: ಕೆಲಸ ಬೇರೆ ಚೂರಿನ ಮೇಲೆ ಇರಬೇಕು, ಹೆಸರು ಬೇರೆ ಚೂರಿನ ಮೇಲೆ ಇರಬೇಕು. ಎರಡೂ ಒಂದೇ ಕಾಗದದ ಮೇಲೆ ಕೂತ ಗಳಿಗೆಯಿಂದ ಆ ಕೆಲಸ ಆ ಮಗುವಿನ ಹಣೆಗೆ ಅಂಟಿಕೊಳ್ಳುತ್ತದೆ. ‘ಮರುಬಳಕೆ’ ಎಂದರೆ ಕಾಗದ ಉಳಿಸುವುದು ಎಂದು ಹಲವರು ತಿಳಿಯುತ್ತಾರೆ. ಕಾಗದವೂ ಉಳಿಯುತ್ತದೆ ನಿಜ, ಆದರೆ ಪಟ್ಟಿಯನ್ನು ಮತ್ತೆ ಬಳಸಬೇಕೆಂದರೆ ಹೆಸರು ಕೆಲಸದಿಂದ ಬಿಡಿಸಿಕೊಳ್ಳಲೇಬೇಕಾಗುತ್ತದೆ, ನನಗೆ ಬೇಕಾದದ್ದು ಅದು.

ಮಾಡುವ ಬಗೆ ಹೇಳುತ್ತೇನೆ. ಬೆನ್ನಿಗೆ ಗಟ್ಟಿ ರಟ್ಟು ಬೇಕು. ನಾಸಿಕದಲ್ಲಿ ಅದಕ್ಕೆ ಚಿಂತೆಯಿಲ್ಲ, ದ್ರಾಕ್ಷಿ ಹಂಗಾಮಿನಲ್ಲಿ ನಿಫಾಡ, ದಿಂಡೋರಿಯ ಯಾವ ತೋಟದಲ್ಲಿ ಕೇಳಿದರೂ ಹರಿದ ಪೆಟ್ಟಿಗೆಗಳು ಸಿಗುತ್ತವೆ. ಒಂದೇ ಪದರವಾದರೆ ರಟ್ಟು ಮಳೆಗಾಲದಲ್ಲಿ ಬಾಗುತ್ತದೆ. ಎರಡು ಹಾಳೆ ತೆಗೆದುಕೊಂಡು, ಒಳಗಿನ ಗೆರೆಗಳು ಒಂದರಲ್ಲಿ ಅಡ್ಡ, ಇನ್ನೊಂದರಲ್ಲಿ ಉದ್ದ ಬರುವಂತೆ ಇಟ್ಟು ಫೆವಿಕಾಲ್ ಹಚ್ಚಿ, ಮೇಲೆ ರಾತ್ರಿಯಿಡೀ ಪಾಠಪುಸ್ತಕದ ಭಾರ ಹೇರಿದರೆ ಹಲಗೆಯಂತೆ ನಿಲ್ಲುತ್ತದೆ. ಅದರ ಮೇಲೆ ಹಳೆಯ ಚಾದರದ ಬಟ್ಟೆ ಎಳೆದು ಹೊದಿಸಿ, ಎಂಟು ಕಿಸೆ ಹೊಲಿಯಬೇಕು. ಅಂಟಿಸಿದ ಕಿಸೆ ಮಕ್ಕಳ ಬೆರಳಿಗೆ ತಡೆಯುವುದಿಲ್ಲ. ಕೆಳಗಡೆ ಒಂದು ಉದ್ದನೆಯ ಚೀಲ ಬೇಕು, ಅದರ ಹೆಸರು ಸರದಿ ಚೀಲ.

ಪ್ರತಿ ಕಿಸೆಯ ಮೇಲೆ ಕೆಲಸದ ಗುರುತು. ಇಲ್ಲಿ ಅಕ್ಷರಕ್ಕಿಂತ ವಸ್ತು ಒಳ್ಳೆಯದು. ಪೇಠ್, ಸುರಗಾಣದಂಥ ಆದಿವಾಸಿ ತಾಲ್ಲೂಕುಗಳ ಒಂದನೆಯ ತರಗತಿಗೆ ಬರುವ ಮಗುವಿನ ಮನೆಮಾತು ಕೋಕಣಿಯೋ ಭಿಲ್ಲರ ನುಡಿಯೋ ಆಗಿರುತ್ತದೆ, ಶಾಲೆಯ ಮರಾಠಿಯನ್ನು ಇನ್ನೂ ಓದಲು ಬಾರದು. ಕಸಬರಿಗೆಯ ನಾಲ್ಕು ಕಡ್ಡಿ ದಾರದಲ್ಲಿ ಕಟ್ಟಿ ಹೊಲಿದರೆ ಅದು ಗುಡಿಸುವ ಕಿಸೆ. ಸೀಮೆಸುಣ್ಣದ ತುಂಡು ಬೋರ್ಡಿನದು, ಬಾಟಲಿಯ ಮುಚ್ಚಳ ನೀರಿನದು, ಒಣಗಿದ ಎಲೆ ಗಿಡಗಳದು. ಎಲೆ ಪುಡಿಯಾಗುತ್ತದೆ, ಆದ್ದರಿಂದ ಅದನ್ನು ಮಾತ್ರ ತಿಂಗಳಿಗೊಮ್ಮೆ ಬದಲಿಸಬೇಕು. ಯಾವ ಎಲೆ ತರಬೇಕೆಂದು ಮಕ್ಕಳಲ್ಲಿ ಎಂಥ ಚರ್ಚೆ ನಡೆಯುತ್ತದೆ ಎಂದರೆ, ಪರಿಸರ ಅಧ್ಯಯನದ ಒಂದು ಪಾಠ ಅದರಲ್ಲೇ ಮುಗಿಯುತ್ತದೆ.

ಸ್ಥಳೀಯವಾಗಿ ಸಿಕ್ಕ ವಸ್ತುವಿನಿಂದ ಮಕ್ಕಳ ಸಾಮಾನು ಮಾಡುವ ದಾರಿಯನ್ನು ಈ ಸೀಮೆಗೆ ತೋರಿದವರು ತಾರಾಬಾಯಿ ಮೋಡಕ್ ಮತ್ತು ಅನುತಾಯಿ ವಾಘ್. 1945ರಲ್ಲಿ ಬೋರ್ಡಿ ಎಂಬ ಊರಿನಲ್ಲಿ, ಆಮೇಲೆ ಕೋಸಬಾಡದ ಗುಡ್ಡದಲ್ಲಿ, ಬಡ ಮಕ್ಕಳ ಬಾಲವಾಡಿಗಳನ್ನು ಅವರು ನಡೆಸಿದರು. ದುಬಾರಿ ಆಟಿಕೆ ತರಿಸದೆ ಕಲ್ಲು, ಬೀಜ, ಎಲೆಗಳಿಂದಲೇ ಕಲಿಸಿದ ಅವರ ಕೆಲಸ ಓದಿದ ಮೇಲೆ ನನಗೆ ಅಂಗಡಿಯ ಲ್ಯಾಮಿನೇಟೆಡ್ ಚಿತ್ರಗಳ ಮೇಲೆ ಮನಸ್ಸು ಹೋಗಿಲ್ಲ.

ಹೆಸರಿನ ಚೀಟಿಗೆ ಲಗ್ನಪತ್ರಿಕೆಗಿಂತ ಒಳ್ಳೆಯ ಕಾಗದವಿಲ್ಲ. ಐದು ಇಂಚು ಉದ್ದ, ಎರಡು ಇಂಚು ಅಗಲ. ಎರಡೂ ಮುಖಕ್ಕೆ ಅಗಲವಾದ ಪಾರದರ್ಶಕ ಟೇಪ್ ಹಚ್ಚಿ, ಅಂಚಿನಿಂದ ಕೂದಲೆಳೆಯಷ್ಟು ಹೊರಗೆ ಬಿಟ್ಟು ಕತ್ತರಿಸಿ. ಕಾಗದದ ಅಂಚಿಗೇ ಕತ್ತರಿಸಿದರೆ ತೇವ ಒಳಗೆ ಹೋಗುತ್ತದೆ. ಹೆಸರು ಬರೆಯಲು ವೈಟ್‌ಬೋರ್ಡ್ ಪೆನ್ನು ಬೇಡ, ಬೆವರಿದ ಬೆರಳು ಸೋಕಿದರೂ ಅಳಿಯುತ್ತದೆ. ಪರ್ಮನೆಂಟ್ ಮಾರ್ಕರ್‌ನಿಂದ ಬರೆಯಿರಿ. ಟೇಪಿನ ಮೇಲಿನ ಆ ಶಾಯಿ ನೀರಿಗೆ ಹೋಗುವುದಿಲ್ಲ, ಆದರೆ ಸ್ಪಿರಿಟ್ ಅಥವಾ ಸ್ಯಾನಿಟೈಸರ್ ಹಚ್ಚಿದ ಹತ್ತಿಗೆ ಪೂರ್ತಿ ಹೋಗುತ್ತದೆ. ಜೂನ್‌ನಲ್ಲಿ ಹಳೆಯ ಹೆಸರು ಒರೆಸಿ ಹೊಸದನ್ನು ಮಗುವಿನ ಕೈಯಿಂದಲೇ ಬರೆಸಿ. ಚೀಟಿಯ ಹಿಂಬದಿಯ ಮೂಲೆಯಲ್ಲಿ ಕ್ರಮಸಂಖ್ಯೆ ಇರಲಿ. ಚೀಲ ಚೆಲ್ಲಿದರೂ ಸರದಿ ತಪ್ಪಬಾರದು.

ಈಗ ಸರದಿಯ ಲೆಕ್ಕ. ಪಟ್ಟಿಯ ಜೀವ ಇರುವುದು ಇದರಲ್ಲೇ, ದಯವಿಟ್ಟು ನಿಧಾನವಾಗಿ ಓದಿ.

ತರಗತಿಯಲ್ಲಿ 32 ಮಕ್ಕಳು, ಕೆಲಸ ಎಂಟು ಎಂದುಕೊಳ್ಳಿ. ಸೋಮವಾರ ಚೀಲದ ಮೊದಲ ಎಂಟು ಚೀಟಿ ಕಿಸೆಗಳಿಗೆ ಹೋಗುತ್ತವೆ. ಮುಂದಿನ ಸೋಮವಾರ ಅವು ಅದೇ ಕ್ರಮದಲ್ಲಿ ಚೀಲದ ಕೊನೆಗೆ ಹೋಗಿ, ಮುಂದಿನ ಎಂಟು ಬರುತ್ತವೆ. ನೋಡಲು ನ್ಯಾಯವಾಗಿಯೇ ಕಾಣುತ್ತದೆ. ಆದರೆ ನಾಲ್ಕು ವಾರಕ್ಕೆ 32 ಹೆಸರೂ ಮುಗಿದು, ಐದನೆಯ ವಾರ ಮೊದಲಿನ ಎಂಟು ಮಕ್ಕಳೇ ಮೊದಲಿನ ಎಂಟು ಕಿಸೆಗಳಿಗೆ ಬರುತ್ತಾರೆ. ಮೂರನೆಯ ಹೆಸರಿನವಳಿಗೆ ಮೂರನೆಯ ಕೆಲಸವೇ, ಸಾಯುವ ತನಕ. ಕನ್ನಡ ತಾಲ್ಲೂಕಿನ (ಹೌದು, ಸಂಭಾಜಿನಗರ ಜಿಲ್ಲೆಯಲ್ಲಿ ಆ ಹೆಸರಿನ ತಾಲ್ಲೂಕೇ ಇದೆ) ಒಂದು ಶಾಲೆಯಲ್ಲಿ ನಾಲ್ಕನೆಯ ತರಗತಿಯ ಹುಡುಗಿ ಕಸಬರಿಗೆ ಹಿಡಿದುಕೊಂಡೇ ಬಂದು ತನ್ನ ಟೀಚರಿಗೆ ಕೇಳಿದಳು: ‘ಬಾಯಿ, ಪುನ್ಹಾ ಮೀಚ್ ಕಾ?’ ಮತ್ತೆ ನಾನೇ ಯಾಕೆ? ಟೀಚರ್ ಯಾವ ಪಕ್ಷಪಾತವನ್ನೂ ಮಾಡಿರಲಿಲ್ಲ. 32 ಎಂಬ ಅಂಕಿ ಎಂಟರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ, ಅಷ್ಟೇ.

ಪರಿಹಾರ ಒಂದು ಚೀಟಿಯದು. 33ನೆಯ ಚೀಟಿ ಸೇರಿಸಿ, ಅದರ ಮೇಲೆ ಟೀಚರ ಹೆಸರು ಬರೆಯಿರಿ. ಐದನೆಯ ವಾರ ಮೊದಲ ಕಿಸೆಗೆ ಟೀಚರ್ ಬರುತ್ತಾರೆ, ಮೊದಲ ಹೆಸರು ಎರಡನೆಯ ಕೆಲಸಕ್ಕೆ ಸರಿಯುತ್ತದೆ, ಮೂರನೆಯದು ನಾಲ್ಕನೆಯದಕ್ಕೆ. ಪ್ರತಿ ಸುತ್ತಿಗೂ ಹೀಗೆ ಒಂದೊಂದು ಮನೆ ಸರಿದು, 33 ವಾರ ಮುಗಿಯುವಷ್ಟರಲ್ಲಿ ಪ್ರತಿ ಮಗುವೂ ಎಂಟೂ ಕಿಸೆಗಳಿಗೆ ಒಂದೊಂದು ಸಲ ಬಂದಿರುತ್ತದೆ. ಹೆಚ್ಚಿಲ್ಲ, ಕಡಿಮೆಯಿಲ್ಲ. ಶಿಕ್ಷಣ ಹಕ್ಕು ಕಾಯಿದೆ ಒಂದರಿಂದ ಐದನೆಯ ತರಗತಿಗೆ ವರ್ಷಕ್ಕೆ ಕನಿಷ್ಠ 200 ದಿನ ಶಾಲೆ ನಡೆಯಬೇಕೆನ್ನುತ್ತದೆ. ವಾರಕ್ಕೆ ಆರು ದಿನದಂತೆ ಅದು 33 ವಾರದ ಮೇಲೆ ಎರಡು ದಿನ! ಈ ಲೆಕ್ಕ ಕೂಡಿಬಂದ ದಿನ ನನಗಾದ ಸಂತೋಷ ಹೇಳತೀರದು.

ಮಕ್ಕಳ ಸಂಖ್ಯೆ ಬೇರೆಯಾದರೆ ನೆನಪಿಡಬೇಕಾದದ್ದು ಇಷ್ಟು. ಕೆಲಸ ಎಂಟು ಇರುವ ತನಕ ಚೀಟಿಗಳ ಮೊತ್ತ ಬೆಸಸಂಖ್ಯೆಯಾಗಿರಬೇಕು. 31 ಮಕ್ಕಳಿದ್ದು ಟೀಚರ್ ಸೇರಿ 32 ಆಯಿತೇ, ಮುಖ್ಯಾಧ್ಯಾಪಕರದೂ ಒಂದು ಚೀಟಿ ಹಾಕಿ. ಟೀಚರ ಚೀಟಿ ಗುಡಿಸುವ ಕಿಸೆಗೆ ಬಂದ ವಾರ ಟೀಚರೇ ಗುಡಿಸಬೇಕು. ಅದರಲ್ಲಿ ರಿಯಾಯಿತಿ ಇಲ್ಲ. ಮಕ್ಕಳು ಆ ವಾರವನ್ನು ಎದುರು ನೋಡುತ್ತಿರುತ್ತಾರೆ, ಮೂಲೆಯಲ್ಲಿ ಉಳಿದ ಕಸವನ್ನು ಬಲು ಶ್ರದ್ಧೆಯಿಂದ ತೋರಿಸುತ್ತಾರೆ.

ಎಂಟು ಕೆಲಸ ಯಾವುವು ಎಂಬುದನ್ನು ಶಾಲೆಯೇ ಆರಿಸಲಿ. ನಾನು ಸಾಮಾನ್ಯವಾಗಿ ಮೊದಲ ಎರಡು ಕಿಸೆ ಗುಡಿಸುವುದಕ್ಕೆ ಇಡುತ್ತೇನೆ, ಒಬ್ಬರೇ ಗುಡಿಸಿದರೆ ದಣಿವೂ ಹೌದು, ಬೇಸರವೂ ಹೌದು. ಬೋರ್ಡು, ಗಿಡ, ಪುಸ್ತಕದ ಪೆಟ್ಟಿಗೆ, ಊಟಕ್ಕೆ ಮುಂಚೆ ಕೈತೊಳೆಯುವ ಸಾಲು ನೋಡಿಕೊಳ್ಳುವುದು ಇವಕ್ಕೆಲ್ಲ ಒಂದೊಂದು. ಬೆಳಗಿನ ಸಭೆಗೆ ಮರಾಠಿಯಲ್ಲಿ ‘ಪರಿಪಾಠ’ ಎನ್ನುತ್ತಾರೆ. ಅಲ್ಲಿ ನಿಂತು ತಾರೀಖು, ವಾರ, ಹವಾಮಾನ ಹೇಳುವುದೂ ಒಂದು ಕೆಲಸ. ಅದನ್ನು ಸದಾ ಚೆನ್ನಾಗಿ ಮಾತಾಡುವವರೇ ಮಾಡುತ್ತಾರೆ, ಅದಕ್ಕಾಗಿಯೇ ಅದು ಪಟ್ಟಿಯಲ್ಲಿ ಇರಲೇಬೇಕು. ತೊದಲುವ ಮಗುವಿಗೂ ಆ ವಾರ ಬರುತ್ತದೆ, ಕಾಯಿರಿ.

ಉಳಿದ ಒಂದು ಕಿಸೆ ನೀರಿನದು, ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು. ಮಡಕೆಯ ಪಕ್ಕ ನಿಂತು ಉದ್ದ ಹಿಡಿಕೆಯ ಸೌಟಿನಿಂದ ಎಲ್ಲರ ಲೋಟಕ್ಕೆ ನೀರು ಹಾಕುವ ಕೆಲಸ. ಬಾಲಕ ಅಂಬೇಡ್ಕರರು ಸಾತಾರೆಯ ಶಾಲೆಯಲ್ಲಿ ಮನೆಯಿಂದ ತಂದ ಗೋಣಿತಟ್ಟಿನ ಮೇಲೆ ಬೇರೆ ಕೂರಬೇಕಿತ್ತು. ನಲ್ಲಿ ಮುಟ್ಟುವಂತಿರಲಿಲ್ಲ, ಜವಾನ ಬಂದು ತಿರುಗಿಸಿದರೆ ಮಾತ್ರ ನೀರು. ‘ವೇಟಿಂಗ್ ಫಾರ್ ಎ ವೀಸಾ’ದಲ್ಲಿ ಅವರೇ ಇದನ್ನು ಬರೆದಿದ್ದಾರೆ. ಅದೇ ಅಂಬೇಡ್ಕರರು 1930ರಲ್ಲಿ ನಾಸಿಕದ ಕಾಳಾರಾಮ ಮಂದಿರದ ಬಾಗಿಲಲ್ಲಿ ಸತ್ಯಾಗ್ರಹ ಹೂಡಿದರು. 1935ರಲ್ಲಿ ಇದೇ ಜಿಲ್ಲೆಯ ಯೇವಲೆಯಲ್ಲಿ ತಾವು ಹಿಂದೂವಾಗಿ ಸಾಯುವುದಿಲ್ಲವೆಂದು ಸಾರಿದರು. 1950ರಲ್ಲಿ ಆಗಿನ ಔರಂಗಾಬಾದಿನಲ್ಲಿ, ಈಗಿನ ಸಂಭಾಜಿನಗರದಲ್ಲಿ, ಅವರ ಸಂಸ್ಥೆಯ ಕಾಲೇಜು ತೆರೆಯಿತು. ಮಿಲಿಂದ ಎಂಬ ಹೆಸರಿನಿಂದ ಎಲ್ಲರಿಗೂ ಗೊತ್ತಿರುವುದು ಅದೇ. ಈ ಎರಡು ಊರುಗಳಲ್ಲಿ ಪಾಠ ಮಾಡುವವರು ನೀರಿನ ಕೆಲಸವನ್ನು ಯಾರಿಗೆ ಕೊಡುತ್ತೇವೆ, ಯಾರಿಗೆ ಕೊಡುವುದಿಲ್ಲ ಎಂದು ಯೋಚಿಸದೆ ಇರಲು ಸಾಧ್ಯವೇ? ಸರದಿ ಚೀಲದಿಂದ ಬಂದ ಚೀಟಿಯ ಮಗು ನೀರು ಹಾಕುತ್ತದೆ, ಎಲ್ಲರೂ ಕುಡಿಯುತ್ತಾರೆ. ಟೀಚರೂ ಅದೇ ಮಡಕೆಯಿಂದ, ಅದೇ ಕೈಯಿಂದ ಕುಡಿಯಬೇಕು. ಸ್ಟಾಫ್ ರೂಮಿನ ಬೇರೆ ಬಾಟಲಿ ತರಗತಿಯ ಒಳಗೆ ಬೇಡ.

ಪಟ್ಟಿಯಲ್ಲಿ ಎಂದಿಗೂ ಬರಬಾರದ ಕೆಲಸವೂ ಇದೆ. ಶೌಚಾಲಯದ ಕೆಲಸಕ್ಕೆ ಕಿಸೆ ಇಲ್ಲ. 2023ರ ಡಿಸೆಂಬರ್‌ನಲ್ಲಿ ನಮ್ಮ ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ವಸತಿ ಶಾಲೆಯೊಂದರಲ್ಲಿ ದಲಿತ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದ ಸುದ್ದಿ ಬಂದ ದಿನ ನಾನು ಊಟ ಮಾಡಲಿಲ್ಲ. ಮಲಗುಂಡಿಗೆ ಮನುಷ್ಯರನ್ನು ಇಳಿಸುವುದನ್ನು ತಡೆಯುವ ಕಾನೂನು 2013ರಲ್ಲೇ ಬಂದಿದೆ, ಅಲ್ಲಿ ಇಳಿಸಿದ್ದು ಮಕ್ಕಳನ್ನು. ‘ಎಲ್ಲರಿಗೂ ಸರದಿ ಬಂದರೆ ತಪ್ಪೇನು, ಜಪಾನಿನಲ್ಲಿ ಮಾಡುವುದಿಲ್ಲವೇ?’ ಎಂದು ಕೇಳುವವರಿದ್ದಾರೆ. ಜಪಾನಿನ ಶಾಲೆಗಳಲ್ಲಿ ಮಕ್ಕಳು ದಿನವೂ ಗುಡಿಸುತ್ತಾರೆ, ಒರೆಸುತ್ತಾರೆ, ಊಟ ಬಡಿಸುತ್ತಾರೆ. ‘ತೋಬಾನ್’ ಎಂಬ ಸರದಿಗೆ ಅಲ್ಲಿ ತಿರುಗುವ ದುಂಡು ಚಕ್ರವೇ ಗೋಡೆಯ ಮೇಲಿರುತ್ತದೆ. ಅದನ್ನು ನಾನು ಮೆಚ್ಚುತ್ತೇನೆ. ಆದರೆ ನಮ್ಮ ದೇಶದಲ್ಲಿ ಆ ಒಂದು ಕೆಲಸ ಯಾರ ತಲೆಗೆ ಎಷ್ಟು ಶತಮಾನ ಕಟ್ಟಲಾಗಿದೆ ಎಂಬುದನ್ನು ಮರೆತು ಅಲ್ಲಿಯದನ್ನು ಇಲ್ಲಿಗೆ ತರಲಾಗದು. ಅದಕ್ಕೆ ಸಂಬಳದ ಕೆಲಸದವರು, ಕೈಗವಸು, ಯಂತ್ರ ಬೇಕು. ಅದು ಸರ್ಕಾರದ ಜವಾಬ್ದಾರಿ.

ಜಪಾನಿನ ಚಕ್ರವನ್ನು ನಾನು ಇಲ್ಲಿ ಬಳಸದೆ ಇರುವುದಕ್ಕೆ ಇನ್ನೊಂದು ಕಾರಣವೂ ಇದೆ. ಚಕ್ರದಲ್ಲಿ ಮನೆಗಳು ಲೆಕ್ಕದವು, ಯಾರಾದರೂ ಹೋದರೆ ಅಲ್ಲಿ ತೂತು ಬೀಳುತ್ತದೆ. ನಮ್ಮ ತರಗತಿಗಳಲ್ಲಿ ಮಕ್ಕಳು ಹೋಗುತ್ತಲೇ ಇರುತ್ತಾರೆ. ದೀಪಾವಳಿಯ ಹೊತ್ತಿಗೆ ಮರಾಠವಾಡದ ಹಳ್ಳಿಗಳು ಕಬ್ಬು ಕಡಿಯಲು ಹೊರಡುತ್ತವೆ. ಬೀಡ್ ಜಿಲ್ಲೆಯಿಂದ ಎಲ್ಲಕ್ಕಿಂತ ಹೆಚ್ಚು, ಅದಕ್ಕೆ ತಾಗಿಕೊಂಡ ಪೈಠಣದ ಕಡೆಯಿಂದಲೂ. ನಮ್ಮ ಬೆಳಗಾವಿ, ಬಾಗಲಕೋಟೆಯ ಕಾರ್ಖಾನೆಗಳ ಸುತ್ತ ಗುಡಿಸಲು ಹಾಕಿಕೊಂಡಿರುವ ಟೋಳಿಗಳಲ್ಲಿ ಈ ಮಕ್ಕಳಿರುತ್ತಾರೆ, ಓದುಗರಲ್ಲಿ ಎಷ್ಟೋ ಮಂದಿ ನೋಡಿರುತ್ತೀರಿ. ನಾಸಿಕದಲ್ಲಿ ಗುಡ್ಡದ ತಾಲ್ಲೂಕುಗಳ ಆದಿವಾಸಿ ಕುಟುಂಬಗಳು ದ್ರಾಕ್ಷಿ ತೋಟಗಳಿಗೆ ಇಳಿಯುತ್ತವೆ. ಮಕ್ಕಳು ಊರಲ್ಲೇ ಉಳಿಯಲೆಂದು ಹಂಗಾಮಿ ವಸತಿಗೃಹಗಳಿವೆ, ಹೋದ ಊರಿನ ಶಾಲೆಯಲ್ಲಿ ಕೂರಲೆಂದು ಶಿಕ್ಷಣದ ಖಾತರಿ ಕೊಡುವ ‘ಶಿಕ್ಷಣ ಹಮೀ ಪತ್ರಕ’ವಿದೆ. ಆದರೂ ನವೆಂಬರ್‌ನಲ್ಲಿ ಬೆಂಚುಗಳು ಬರಿದಾಗುತ್ತವೆ.

ಹೋದವರ ಚೀಟಿ ಏನು ಮಾಡಬೇಕು? ಒರೆಸಬಾರದು, ಕಸಕ್ಕೆ ಹಾಕಬಾರದು. ಪಟ್ಟಿಯ ಕೆಳಗಿನ ಅಂಚಿಗೆ ಒಂದು ಉದ್ದ ಕಿಸೆ ಹೊಲಿದು, ಅದಕ್ಕೆ ‘ಬರುವವರು’ ಎಂದು ಬರೆದು, ಹೆಸರು ಕಾಣುವಂತೆ ನಿಲ್ಲಿಸಬೇಕು. ‘ಹೋದವರು’ ಎಂದು ಬರೆಯಬೇಡಿ. ಚೀಲದ ಚೀಟಿ ಎಣಿಸಿ, ಸಮಸಂಖ್ಯೆಯಾಗಿದ್ದರೆ ಒಂದು ಖಾಲಿ ಚೀಟಿ ಸೇರಿಸಿ. ಅದು ಬಂದ ವಾರ ಆ ಕೆಲಸ ಕೈ ಎತ್ತಿದವರದು. ಪೈಠಣದ ಹತ್ತಿರದ ಶಾಲೆಯೊಂದರಲ್ಲಿ ಮಾರ್ಚ್ ಕೊನೆಗೆ ಮರಳಿದ ಹುಡುಗನೊಬ್ಬ ತರಗತಿಯೊಳಗೆ ಬಂದವನೇ ಬೆಂಚಿಗೆ ಹೋಗದೆ ಪಟ್ಟಿಯ ಮುಂದೆ ನಿಂತ. ತನ್ನ ಚೀಟಿಯನ್ನು ಹೊರಗೆಳೆದ, ಧೂಳನ್ನು ಅಂಗಿಗೆ ಒರೆಸಿದ, ಸರದಿ ಚೀಲಕ್ಕೆ ಹಾಕಿದ. ಟೀಚರ್ ಅವನಿಗೆ ಏನನ್ನೂ ಹೇಳಿರಲಿಲ್ಲ.

ಗೋಡೆಯ ಪಟ್ಟಿಯನ್ನು ಮಕ್ಕಳ ಕೈಗೆ ಕೊಡುವುದು ತೀರಾ ಹೊಸ ವಿಚಾರವೇನಲ್ಲ. 1995ರಲ್ಲಿ ಎಚ್.ಡಿ.ಕೋಟೆಯಲ್ಲಿ ಆರಂಭವಾದ ನಲಿ-ಕಲಿಯ ಕೋಣೆಗಳಲ್ಲಿ ಮಕ್ಕಳು ತಾವೇ ಹಾಜರಿ ಗುರುತಿಸುತ್ತಾರೆ, ತಾವೇ ಹವಾಮಾನ ನಕ್ಷೆ ತುಂಬುತ್ತಾರೆ, ಕಾರ್ಡು ಹುಡುಕಿ ತಮ್ಮ ಗುಂಪಿಗೆ ಹೋಗುತ್ತಾರೆ. ಗೋಡೆಯ ಮೇಲಿನದನ್ನು ಮಕ್ಕಳು ಮುಟ್ಟಬಹುದು, ಬದಲಿಸಬಹುದು ಎಂಬ ಧೈರ್ಯ ನನಗೆ ಬಂದದ್ದು ಅಲ್ಲಿಂದ. ಅದಕ್ಕೇ ಪಟ್ಟಿಯನ್ನು ಮೂರೂವರೆ ಅಡಿ ಎತ್ತರಕ್ಕೆ ತೂಗುಹಾಕಿ, ಟೀಚರ ಕಣ್ಣಿನ ಎತ್ತರಕ್ಕಲ್ಲ. ಗೋಡೆಗೆ ಅಂಟಿಸಬೇಡಿ, ಇಗತಪುರಿ, ತ್ರ್ಯಂಬಕದ ಮಳೆಗೆ ಗೋಡೆಯೇ ಬೆವರುತ್ತದೆ. ಏಪ್ರಿಲ್ ಕೊನೆಗೆ ಇಳಿಸಿ, ಚೀಟಿಗಳ ನಡುವೆ ಪತ್ರಿಕೆಯ ತುಂಡು ಇಟ್ಟು ಕಪಾಟಿಗೆ ಹಾಕಿ. ಸಂಭಾಜಿನಗರದ ಮೇ ತಿಂಗಳ ಬಿಸಿಲಿಗೆ ಟೇಪಿನ ಅಂಟು ಕರಗಿ ಚೀಟಿಗಳು ಒಂದಕ್ಕೊಂದು ಹಿಡಿದುಕೊಳ್ಳುತ್ತವೆ.

ಪಾಲಕರ ತಕರಾರು ಬಂದೇ ಬರುತ್ತದೆ. ‘ಮಗನನ್ನು ಕಸ ಗುಡಿಸಲು ಕಳಿಸಿದ್ದೇವೆಯೇ?’ ಎಂದು ಅಪ್ಪಂದಿರು ಕೇಳುತ್ತಾರೆ. ಮಗಳು ಗುಡಿಸಿದಾಗ ಇದೇ ಪ್ರಶ್ನೆ ಕೇಳಿದ ಅಪ್ಪನನ್ನು ನಾನು ಇನ್ನೂ ಕಂಡಿಲ್ಲ. ಕೇಳುವ ಹಕ್ಕು ಅವರಿಗಿದೆ, ಮುಚ್ಚಿಟ್ಟು ಉತ್ತರಿಸಬೇಡಿ. ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ಶಾಲಾ ವ್ಯವಸ್ಥಾಪನ ಸಮಿತಿಯಲ್ಲಿ ಮುಕ್ಕಾಲು ಭಾಗ ಪಾಲಕರೇ ಇರುತ್ತಾರೆ, ಒಟ್ಟು ಸದಸ್ಯರಲ್ಲಿ ಅರ್ಧ ಹೆಂಗಸರು. ಜೂನ್‌ನ ಮೊದಲ ಸಭೆಗೆ ಪಟ್ಟಿಯನ್ನು ಗೂಟದಿಂದ ಬಿಚ್ಚಿ ಒಯ್ದು, ಚೀಟಿಗಳನ್ನು ಅವರ ಕೈಗೇ ಕೊಟ್ಟು, ಐದು ವಾರದ ಸರದಿಯನ್ನು ಅವರಿಂದಲೇ ಹಾಕಿಸಿ. ಟೀಚರ ಚೀಟಿ ಐದನೆಯ ವಾರ ಗುಡಿಸುವ ಕಿಸೆಗೆ ಬಂದು ಕೂತದ್ದನ್ನು ಅವರೇ ನೋಡಲಿ. ಆಮೇಲೂ ಯಾವ ಕೆಲಸ ಬೇಡವೆನ್ನುತ್ತಾರೋ ಅದನ್ನು ಸಭೆಯಲ್ಲೇ ಚರ್ಚಿಸಿ ಕಿಸೆ ಬದಲಿಸಬಹುದು, ಎಂಟು ಹೊಲಿಗೆ ಬಿಚ್ಚಿದರೆ ಆಯಿತು. ಒಂದು ಮಗುವನ್ನು ಮಾತ್ರ ಪಾಳಿಯಿಂದ ಬಿಡಿಸಿ ಎಂದರೆ ಒಪ್ಪಬೇಡಿ.